ಪರೀಕ್ಷೆ ಮುಗಿಯೋವರೆಗೆ ಸೇವು, ಚಕ್ಕುಲಿ ಇಲ್ಲ

ಪ್ರೀತಿಯ ಗ್ರಾಹಕರಿಗೆ, ವಿಜಯಪುರದ ನಮ್ಮ ಮಹಿಳಾ ಸಂಘದ ಎಲ್ಲರಿಂದ ಶರಣು.

ಮಾರ್ಚ್ 1ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮುಗಿಯುವವರೆಗೆ ನಮ್ಮಲ್ಲಿ ಸೇವು, ಚಕ್ಕುಲಿ, ಶಂಕರಪಾಳಿ ಸಿಗುವುದಿಲ್ಲ. ಅವುಗಳ ಬದಲು ಅಳ್ಳಿಟ್ಟು, ಶೇಂಗಾ ಉಂಡಿ, ಒಗ್ಗರಣೆ ಚುರಮರಿ ಮಾಡುತ್ತೇವೆ. ಅರ್ಧ ಕಿಲೋ ಪಾಕೀಟು ಬಂದ್. ಒಂದು ಹೊತ್ತಿಗೆ ಸಾಕಾಗುವ ಸಣ್ಣ ಪಾಕೀಟು, 10 ರೂಪಾಯಿ. ಲಗ್ನಕ್ಕೆ ಮೊದಲೇ ಹೇಳಿಟ್ಟವರು ಗಾಬರಿಯಾಗಬೇಡಿ, ಒಪ್ಪಿಕೊಂಡ ಆರ್ಡರ್ ಮಾಡಿಯೇ ಕೊಡುತ್ತೇವೆ.

ಈ ದಿನಗಳಲ್ಲಿ ನಮ್ಮ ಹತ್ತಿರ ಬರುವವರು ಜಾಸ್ತಿ ಹಾಸ್ಟೆಲಿನ ಮಕ್ಕಳು, ಹಳ್ಳಿಯಿಂದ ಬಂದು ರೂಮ್ ಮಾಡಿಕೊಂಡವರು. ದೊಡ್ಡ ಪಾಕೀಟು ಒಯ್ದು, ಒಡೆದಿಟ್ಟು, ವಾರಗಟ್ಟಲೆ ತಿನ್ನುತ್ತಾರೆ. ನಮ್ಮೂರ ಬಿಸಿಲಿಗೆ ಕರಿದದ್ದು ಬೇಗ ಕಮಟು ಹಿಡಿಯುತ್ತದೆ. ತಿಂದ ಮೇಲೆ ನೀರಡಿಕೆ, ಆಮೇಲೆ ನಿದ್ದೆ. ಓದೋದು ಯಾವಾಗ? ಸಣ್ಣ ಪಾಕೀಟಿನಲ್ಲಿ ನಮಗೆ ಕೆಲಸ ಜಾಸ್ತಿ, ಉಳಿಯುವುದು ಕಮ್ಮಿ. ಇರಲಿ, ಒಂದು ತಿಂಗಳ ಮಾತು.

ಅಳ್ಳಿಟ್ಟನ್ನು ಇಷ್ಟು ದಿನ ಪಂಚಮಿಗೆ ಮಾತ್ರ ಮಾಡುತ್ತಿದ್ದೆವು. ಜೋಳ, ಗೋಧಿ, ಕಡಲೆ ಹುರಿದು ಬೀಸಿದ ಹಿಟ್ಟು. ಬೆಲ್ಲ, ಹಾಲು ಹಾಕಿ ಕಲಸಿದರೆ ಮುಗಿಯಿತು, ಗ್ಯಾಸ್ ಬೇಕಿಲ್ಲ. ಹಾಲಿಲ್ಲದಿದ್ದರೆ ಮಜ್ಜಿಗೆ. ರಾತ್ರಿ ಹನ್ನೊಂದಕ್ಕೆ ಹಸಿದ ಹುಡುಗನಿಗೆ ಇದಕ್ಕಿಂತ ಸುಲಭದ್ದು ನಮಗಂತೂ ಹೊಳೆಯಲಿಲ್ಲ.

ಶೇಂಗಾ ಉಂಡಿ ಮಾತ್ರ ನಮ್ಮಲ್ಲಿ ಕೊಳ್ಳುವುದಕ್ಕಿಂತ ಮನೆಯಲ್ಲಿ ಮಾಡಿದರೇ ಅಗ್ಗ. ಅಂಗಡಿಯವರು ಹೀಗೆ ಹೇಳಬಾರದು, ಆದರೂ ಹೇಳುತ್ತೇವೆ. ಅರ್ಧ ಕಿಲೋ ಶೇಂಗಾಕ್ಕೆ 350 ಗ್ರಾಂ ಬೆಲ್ಲ. ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ ಹುರಿಯಿರಿ. ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಕೇರಿ ತೆಗೆಯಿರಿ. ಮಿಕ್ಸಿಯನ್ನು ಒಂದೇ ಸಮ ತಿರುಗಿಸಬೇಡಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುಗಿಸಿ, ತರಿತರಿ ಇರಲಿ. ಕೊನೆಗೆ ಪುಡಿ ಮಾಡಿದ ಬೆಲ್ಲ, ಒಂದಿಷ್ಟು ಏಲಕ್ಕಿ ಹಾಕಿ ಇನ್ನೊಂದು ಸುತ್ತು. ಪಾಕ ಬೇಡ, ಶೇಂಗಾದ ಎಣ್ಣೆಗೇ ಉಂಡಿ ಕೂಡುತ್ತದೆ. ಒಡೆದರೆ ಒಂದು ಚಮಚ ತುಪ್ಪ. ಲಿಂಬಿ ಗಾತ್ರದವು 30ರ ಆಸುಪಾಸು ಆಗುತ್ತವೆ. ಹುರಿದು ಸಿಪ್ಪೆ ತೆಗೆದ ಶೇಂಗಾ, ಮಹಾಲಿಂಗಪುರದ ಬೆಲ್ಲ ಎರಡನ್ನೂ ಇದೇ ಅಳತೆಗೆ ತೂಗಿ ಕೊಡುತ್ತೇವೆ. ಪುರುಸೊತ್ತಿಲ್ಲದವರಿಗೆ ಹುರಿಯುವ ಕೆಲಸವಾದರೂ ತಪ್ಪುತ್ತದೆ.

ತಿಕೋಟಾ ಕಡೆಯ ಒಣದ್ರಾಕ್ಷಿಯನ್ನೂ ಇಟ್ಟಿದ್ದೇವೆ. ಅದನ್ನು ಉಂಡಿಗೆ ಸೇರಿಸಬೇಡಿ, ಪಸೆ ಬಿಟ್ಟು ಉಂಡಿ ಬೇಗ ಕೆಡುತ್ತದೆ. ಪುಟಾಣಿ ಜೊತೆ ಒಂದು ಹಿಡಿ ಕಿಸೆಗೆ ಹಾಕಿ ಕಳಿಸಿ, ಪರೀಕ್ಷೆ ಮುಗಿಸಿ ಬಸ್ಸಿಗೆ ಕಾಯುವಾಗ ತಿನ್ನುತ್ತಾರೆ. ಚುರಮರಿಗೆ ಉಳ್ಳಾಗಡ್ಡಿ, ಲಿಂಬಿ ರಸ ತಿನ್ನುವ ಹೊತ್ತಿಗೇ ಹಾಕಿಕೊಳ್ಳಲಿ. ಮೊದಲೇ ಕಲಸಿ ಡಬ್ಬಿಗೆ ತುಂಬಿದರೆ ಮೆತ್ತಗಾಗುತ್ತದೆ.

ಪರೀಕ್ಷೆ-1 ಆದ ಮೇಲೆ ಪರೀಕ್ಷೆ-2 ಅಂತ ಇನ್ನೊಂದು ಅವಕಾಶ ಇದೆಯಲ್ವಾ, ಅದನ್ನು ಬರೆಯುವವರಿಗೆ ಅಳ್ಳಿಟ್ಟು, ಉಂಡಿ ಆಮೇಲೂ ಸಿಗುತ್ತವೆ.

ಹೆಚ್ಚಿಗೆ ಬೇಕಾದವರು ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿ. ಡಬ್ಬಿ ನೀವೇ ತಂದರೆ ಅಳ್ಳಿಟ್ಟನ್ನು ಬಿಡಿಯಾಗಿಯೂ ತೂಗಿ ಕೊಡುತ್ತೇವೆ. ಡಬ್ಬಿ ಒಣಗಿರಲಿ, ಹಸಿ ಇದ್ದರೆ ಹಿಟ್ಟು ಗಂಟು ಕಟ್ಟುತ್ತದೆ.

ಇಂತಿ,
ಸಂಘದ ಅಕ್ಕ-ತಂಗಿಯರು, ವಿಜಯಪುರ