ಮಗಳಿಗೊಂದು ಪತ್ರ: ಸಹಿ ಹಾಕುವ ಮೊದಲು

ಧಾರವಾಡ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಹನ್ನೊಂದು ಕಥೆಗಳೂ, ಪ್ರಕಾಶಕರು ನಿನಗೆ ಕಳುಹಿಸಿದ ಕರಾರುಪತ್ರದ ಮೊದಲ ಪುಟವೂ ತಲುಪಿವೆ. ಪುಸ್ತಕವನ್ನು ನೀನೇ ಅಚ್ಚು ಹಾಕಿಸಬೇಕೋ, ಅವರ ಕೈಗೆ ಒಪ್ಪಿಸಬೇಕೋ ಎಂದು ಕೇಳಿದ್ದೀಯ. ಆ ಪುಟವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಅವರು ನಿನ್ನ ಮುಂದಿಟ್ಟಿರುವುದು ಇವೆರಡರಲ್ಲಿ ಯಾವುದೂ ಅಲ್ಲ.

ಲೆಕ್ಕ ಹಾಕಿ ನೋಡು. 160 ಪುಟವೆಂದರೆ ಡೆಮಿ 1/8 ಆಕಾರದಲ್ಲಿ, ಹದಿನಾರು ಪುಟಕ್ಕೊಂದರಂತೆ, ಹತ್ತು ಫಾರಂ. ಡಿಟಿಪಿ ಎನ್ನುವ ಅಕ್ಷರಜೋಡಣೆ, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ 500 ಪ್ರತಿಗಳಿಗೆ ಸುಮಾರು 40,000 ರೂಪಾಯಿ ಆಗುತ್ತದೆಂದು ನೀನು ವಿಚಾರಿಸಿದ ಮುದ್ರಣಾಲಯದವರೇ ಹೇಳಿದ್ದಾರೆ. ಮುಖಬೆಲೆ 200 ರೂಪಾಯಿ. ಪ್ರಕಾಶಕರ ಷರತ್ತಿನಂತೆ ನೀನು 300 ಪ್ರತಿಗಳನ್ನು ತಲಾ 140 ರೂಪಾಯಿ ಕೊಟ್ಟು ಕೊಂಡರೆ 42,000 ಆಯಿತು. ಅಲ್ಲಿಗೆ ಪುಸ್ತಕದ ಖರ್ಚೆಲ್ಲ ನಿನ್ನದು, ಉಳಿದ 200 ಪ್ರತಿಗಳು ಅವರವು, ಹಕ್ಕೂ ಅವರದು. ನಷ್ಟದ ಹೊಣೆ ಹೊರದವರನ್ನು ಪ್ರಕಾಶಕರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಕ್ಕಿನ ಮಾತು ಇನ್ನೂ ಮುಖ್ಯವಾದದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಹಕ್ಕು ಅವರ ಜೀವಿತಾವಧಿಯಲ್ಲಿಯೂ ಅನಂತರ ಅರವತ್ತು ವರ್ಷಗಳವರೆಗೂ ಇರುತ್ತದೆ. ಹಕ್ಕನ್ನು ಲಿಖಿತವಾಗಿ ವಹಿಸಿಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಕಾಯಿದೆಯೇ ಹೇಳುತ್ತದೆ. ಆದರೆ ನಿನ್ನ ಕರಾರಿನಲ್ಲಿ ‘ಶಾಶ್ವತವಾಗಿ’ ಎಂಬ ಪದವಿದೆ. ಆ ಒಂದು ಪದಕ್ಕೆ ಒಪ್ಪಿದರೆ ನಿನ್ನ ಕಥೆಯನ್ನು ಮುಂದೆ ಯಾರಾದರೂ ಅನುವಾದಿಸಲು ಕೇಳಿದಾಗ ಒಪ್ಪಿಗೆ ಕೊಡುವ ಅಧಿಕಾರವೂ ನಿನ್ನಲ್ಲಿ ಉಳಿಯದೇ ಹೋಗಬಹುದು.

ಸ್ವಂತ ಪ್ರಕಟಣೆಯೆಂದರೆ ಯಾರೂ ಒಪ್ಪದ ಪುಸ್ತಕವೆಂದು ಜನ ತಿಳಿದಾರು ಎಂಬ ಅಳುಕು ನಿನ್ನ ಪತ್ರದಲ್ಲಿ ಕಂಡಿತು. ಆ ಅಳುಕನ್ನು ಬಿಡು. ನಮ್ಮ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಪುತ್ತೂರಿನಲ್ಲಿ ಕಾರಂತರು ಮುದ್ರಣಾಲಯವನ್ನೇ ಇಟ್ಟುಕೊಂಡಿದ್ದರು. ಕುವೆಂಪು ಅವರ ಪುಸ್ತಕಗಳು ಅವರದೇ ಉದಯರವಿ ಪ್ರಕಾಶನದಿಂದ ಬಂದವು.

ಹಾಗೆಂದು ಅದು ಸುಲಭದ ದಾರಿ ಎಂದು ನಾನು ಹೇಳಲಾರೆ. ನನ್ನ ಪ್ರಬಂಧಗಳ ಪುಸ್ತಕವನ್ನು ನಾನೇ 1,000 ಪ್ರತಿ ಅಚ್ಚು ಹಾಕಿಸಿದಾಗ ನಿನಗೆ ಆರು ವರ್ಷ. ಕರಡನ್ನು ಮೂರು ಸಲ ನಾನೊಬ್ಬನೇ ತಿದ್ದಿದ್ದೆ. ಬಿಡುಗಡೆಯ ಹಿಂದಿನ ವಾರ ನಿನ್ನ ಅವ್ವ ಪುಸ್ತಕ ತೆರೆದು ಓದುತ್ತಿದ್ದವಳು ಥಟ್ಟನೆ ನಿಂತಳು: ನನ್ನ ತಾಯಿಯನ್ನು ಕುರಿತ ಪ್ರಬಂಧದಲ್ಲಿ ‘ಹಾಲು’ ಎಂದಿರಬೇಕಾದಲ್ಲಿ ‘ಹಾಳು’ ಎಂದು ಅಚ್ಚಾಗಿತ್ತು. ಬರೆದವನ ಕಣ್ಣು ಹಾಳೆಯ ಮೇಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದಿಕೊಳ್ಳುತ್ತದೆ. ನಾಲ್ಕು ಸಂಜೆ ಕುಳಿತು ನಾವಿಬ್ಬರೂ ಮೈದಾ ಅಂಟಿನಿಂದ ತಿದ್ದೋಲೆ ಹಚ್ಚಿದೆವು. ನೀನು ಒಂದೊಂದೇ ಚೀಟಿ ಎತ್ತಿ ಕೊಡುತ್ತಿದ್ದೆ. ಎರಡು ವರ್ಷ ಕಳೆದ ಮೇಲೂ ಮಂಚದ ಕೆಳಗೆ 410 ಪ್ರತಿಗಳಿದ್ದವು, ಏಕೆಂದರೆ ಅಂಗಡಿಗೆ ಕೊಟ್ಟು, ಮತ್ತೆ ಹೋಗಿ ವಿಚಾರಿಸಿ, ಹಣ ತರುವ ಕೆಲಸಕ್ಕೆ ನನ್ನಲ್ಲಿ ಬಿಡುವಿರಲಿಲ್ಲ.

ಒಳ್ಳೆಯ ಪ್ರಕಾಶಕರ ಬೆಲೆ ನನಗೆ ಆಗ ತಿಳಿಯಿತು. ಹಸ್ತಪ್ರತಿಯನ್ನು ಹೊರಗಿನವರಾಗಿ ಓದಿ ಈ ಕಥೆ ಇಲ್ಲಿ ಸಡಿಲವಾಗಿದೆ ಎಂದು ಹೇಳುವವರು ಅವರು, ಪುಸ್ತಕವನ್ನು ಓದುಗರ ಮನೆಗೆ ಮುಟ್ಟಿಸುವವರೂ ಅವರು. ನಮ್ಮೂರಿನ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಬೆಳೆದದ್ದು ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು. ಆದ್ದರಿಂದ ತಮ್ಮ ಹಣವನ್ನು ಹೂಡಿ, ಮಾರಾಟದಲ್ಲಿ ಲೇಖಕರ ಪಾಲಾದ ರಾಯಲ್ಟಿಯನ್ನು ಬರೆದುಕೊಟ್ಟು ಪ್ರಕಟಿಸುವವರನ್ನು ಮೊದಲು ಹುಡುಕು ಎಂಬುದೇ ನನ್ನ ಸಲಹೆ. ಛಂದ ಪುಸ್ತಕದವರು ಮೊದಲ ಕಥಾಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ, ಆಯ್ಕೆಯಾದದ್ದನ್ನು ತಾವೇ ಪ್ರಕಟಿಸುತ್ತ ಬಂದಿದ್ದಾರೆ. ಅಂಥ ಕಡೆಗೆ ಕಳುಹಿಸಿ ಆರು ತಿಂಗಳು ಕಾಯುವುದರಲ್ಲಿ ನಷ್ಟವೇನಿಲ್ಲ.

ಆರು ತಿಂಗಳ ಮೇಲೂ ಯಾರೂ ಒಪ್ಪದಿದ್ದರೆ ನಿನ್ನ ಹೆಸರಿನಲ್ಲೇ ತರೋಣ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅದಕ್ಕೆಂದು ಯಾರಿಗೂ ಹಣ ತೆರಬೇಡ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಪ್ರಕಟಣೆ ಹೊರಬಿದ್ದಾಗ ವಯೋಮಿತಿಯನ್ನೂ ಕೊನೆಯ ದಿನಾಂಕವನ್ನೂ ನೋಡಿಕೋ. ಅಂಗಡಿಯವರಿಗೆ ಶೇ. 40 ರಿಯಾಯಿತಿ ಕೊಟ್ಟರೆ ಒಂದು ಪ್ರತಿಗೆ ನಿನ್ನ ಕೈಗೆ 120 ರೂಪಾಯಿ ಬರುತ್ತದೆ, ಅಂದರೆ 500 ಪ್ರತಿಗೆ ಹಾಕಿದ 40,000 ರೂಪಾಯಿ ಮರಳಲು 334 ಪ್ರತಿಗಳು ಮಾರಾಟವಾಗಬೇಕು. ಗೌರವ ಪ್ರತಿ ಎಂದು ಹಂಚುವ ಮುನ್ನ ಈ ಸಂಖ್ಯೆಯನ್ನು ನೆನಪಿಟ್ಟುಕೋ. ಮೊದಲು 300 ಪ್ರತಿಯನ್ನೇ ಅಚ್ಚು ಹಾಕಿಸಿದರೆ ತಲಾ ಖರ್ಚು ತುಸು ಹೆಚ್ಚಾದರೂ ಮಂಚದ ಕೆಳಗಿನ ಕಟ್ಟುಗಳು ಕಡಿಮೆಯಾಗುತ್ತವೆ ಎಂದು ನಿನ್ನ ಅವ್ವ ಹೇಳುತ್ತಾಳೆ, ಅದು ನನಗೂ ಸರಿಯೆನಿಸಿದೆ. ಹಣದ ಅರ್ಧವನ್ನು ನಾವು ಕೊಡುತ್ತೇವೆ. ಕರಡನ್ನು ಮಾತ್ರ ನಿನ್ನನ್ನೂ ನನ್ನನ್ನೂ ಬಿಟ್ಟು ಮೂರನೆಯವರೊಬ್ಬರು ಓದಲೇಬೇಕು.

ಕರಾರಿನ ಎರಡನೆಯ ಪುಟವನ್ನೂ ಕಳುಹಿಸು, ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡ. ಏಳನೆಯ ಕಥೆಯಲ್ಲಿ ಅರ್ಕಾವತ್ತುಗಳು ಕೆಲವು ಕಡೆ ಒಡೆದುಹೋಗಿವೆ, ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸುವಾಗ ಆದದ್ದಿರಬೇಕು. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇಟ್ಟಿದ್ದೇನೆ, ನಾಳೆಯ ಅಂಚೆಗೆ ಹಾಕುತ್ತೇನೆ.

ನಿನ್ನ
ಅಪ್ಪ