ಬಾಲಮಂದಿರದಿಂದ ಹೊರಬಂದವರ ಬಗ್ಗೆ ಗೆಳೆಯನಿಗೊಂದು ಪತ್ರ

ತುಮಕೂರು

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಿಮ್ಮ ತಂದೆಯವರ ಪುಣ್ಯತಿಥಿಯ ದಿನ ಇಲ್ಲಿನ ಬಾಲಮಂದಿರದ, ಅಂದರೆ ಮನೆಯ ಆಸರೆಯಿಲ್ಲದವರನ್ನು ಇರಿಸಿಕೊಂಡು ಸಾಕುವ ಸಂಸ್ಥೆಯ, ಮಕ್ಕಳಿಗೆ ಸಿಹಿಯೂಟ ಹಾಕಿಸಬೇಕೆಂದಿದ್ದೀಯೆ. ಯಾರನ್ನು ಕೇಳಬೇಕು, ಎಷ್ಟು ಖರ್ಚಾಗಬಹುದು ಎಂದು ವಿಚಾರಿಸಿದ್ದೀಯೆ. ಅಧೀಕ್ಷಕರ ಅನುಮತಿ ಪಡೆದರೆ ಅದಕ್ಕೇನೂ ಅಡ್ಡಿಯಿಲ್ಲ, ಆ ಓಡಾಟವನ್ನು ನಾನೇ ಮಾಡುತ್ತೇನೆ. ಆದರೆ ನೀನು ಒಪ್ಪುವುದಾದರೆ ಆ ಹಣವನ್ನು, ಹಣಕ್ಕಿಂತ ಹೆಚ್ಚಾಗಿ ನಿನ್ನ ಆ ಒಳ್ಳೆಯ ಮನಸ್ಸನ್ನು, ಬೇರೊಂದು ಕಡೆಗೆ ತಿರುಗಿಸಬೇಕೆಂದು ಕೇಳಿಕೊಳ್ಳುವುದಿದೆ. ನಿನ್ನ ಹಾಗೆ ಯೋಚಿಸುವವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇರುವುದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ. ಆ ಕಾರಣಕ್ಕೆ ಯಾವ ಹುಡುಗನ, ಹುಡುಗಿಯ ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ.

ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದ ನಮಗೆ ಹಸಿದವರಿಗೆ ಅನ್ನ ಹಾಕುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಹಿರಿಯರ ನೆನಪಿನ ದಿನ ಎಂದು ಚಿಕ್ಕ ಮಕ್ಕಳಿಗೆ ಊಟ, ಹಣ್ಣು, ನೋಟ್‌ಪುಸ್ತಕ, ಹೊದಿಕೆ ತಂದುಕೊಡುವವರು ಈ ಊರಿನಲ್ಲಿ ಸದಾ ಇದ್ದಾರೆ. ಅದೇ ಮಗುವಿಗೆ 18 ತುಂಬಿ, ಒಂದು ಬ್ಯಾಗಿನಲ್ಲಿ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ ಇಟ್ಟುಕೊಂಡು ಗೇಟಿನಿಂದ ಹೊರಬಂದ ಮೇಲೆ ಅವನು ಎಲ್ಲಿ ಮಲಗುತ್ತಾನೆ ಎಂದು ಕೇಳುವವರು ಬಹಳ ಕಡಿಮೆ. ಬೇಸಿಗೆ ರಜೆ ಬಂತೆಂದರೆ ಟ್ರಂಕು ಹೊತ್ತುಕೊಂಡು ಊರಿಗೆ ಹೊರಡುವ ಮಠದ ಹುಡುಗರನ್ನು ಕ್ಯಾತ್ಸಂದ್ರದಲ್ಲಿ ನಾವಿಬ್ಬರೂ ಎಷ್ಟೋ ಸಲ ನೋಡಿದ್ದೇವೆ. ಆ ಹುಡುಗರಲ್ಲಿ ಬಹುಪಾಲು ಮಂದಿಗೆ ಬಸ್ಸಿನಿಂದ ಇಳಿಯಲು ಒಂದು ಊರಿರುತ್ತದೆ. ನಾನು ಹೇಳುತ್ತಿರುವ ಮಕ್ಕಳ ಕಷ್ಟ ಶುರುವಾಗುವುದೇ ಅಲ್ಲಿ.

ಕಾನೂನು ಇವರನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಕೊಡುವ ಬಗ್ಗೆಯೇ ಇದೆ. ನಮ್ಮ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಅನುಪಾಲನೆ ಎನ್ನುತ್ತೇವೆ. ಇದನ್ನು 21 ವರ್ಷದವರೆಗೆ ಕೊಡಬಹುದು, ವಿಶೇಷ ಸಂದರ್ಭಗಳಲ್ಲಿ 23ರವರೆಗೂ ಮುಂದುವರಿಸಬಹುದು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಗು ಹೊರಬರುವ ಎರಡು ತಿಂಗಳ ಮುಂಚೆಯೇ ಮುಂದಿನ ಬದುಕಿನ ಯೋಜನೆಯೊಂದನ್ನು ಸಿದ್ಧಪಡಿಸಿ, ಇಂಥ ಮಕ್ಕಳ ಪಾಲನೆಯ ಬಗ್ಗೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ಆರರಿಂದ ಎಂಟು ಮಂದಿ ಒಟ್ಟಿಗೆ ವಾಸಿಸುವ ತಾತ್ಕಾಲಿಕ ಮನೆ, ತರಬೇತಿಯ ಅವಧಿಯಲ್ಲಿ ಭತ್ಯೆ, ಉನ್ನತ ಓದಿಗೆ ವಿದ್ಯಾರ್ಥಿವೇತನ, ಸ್ವಂತ ಉದ್ಯೋಗಕ್ಕೆ ಸಾಲದ ವ್ಯವಸ್ಥೆ ಎಲ್ಲವೂ ಆ ನಿಯಮದಲ್ಲಿ ಇವೆ. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಅಡಿಯಲ್ಲಿ ತಿಂಗಳಿಗೆ 4,000 ರೂಪಾಯಿಯಂತೆ ನೆರವು ನಿಗದಿಯಾಗಿದೆ. ಈ ಹಣದಲ್ಲಿ ತುಮಕೂರಿನಲ್ಲಿ ಕೋಣೆಯ ಬಾಡಿಗೆ ಕೊಟ್ಟು, ಮೆಸ್ಸಿನಲ್ಲಿ ಎರಡು ಹೊತ್ತು ಊಟ ಮಾಡಿ, ಬಸ್ ಪಾಸು ತೆಗೆದುಕೊಂಡು ತಿಂಗಳು ಕಳೆಯಲಾಗದು ಎಂಬುದು ನಿನಗೂ ತಿಳಿಯುತ್ತದೆ. ಆದರೂ ಅದು ದೊಡ್ಡ ಆಸರೆ. ಒಬ್ಬನೇ ಒಬ್ಬ ಅರ್ಹನಿಗೂ ಅದು ತಪ್ಪಬಾರದೆಂದು ನಮ್ಮಂಥವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತೇವೆ.

ಹಣ ಬರಬೇಕಾದರೆ ಖಾತೆ ಇರಬೇಕು. ಚಿಕ್ಕಂದಿನಲ್ಲಿ ಪಾಲಕರ ಸಹಿಯೊಂದಿಗೆ ತೆರೆದ ಖಾತೆ 18 ತುಂಬಿದ ಮೇಲೆ ಹೊಸದಾಗಿ ದಾಖಲೆ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ತನಕ ನಡೆಯುವುದಿಲ್ಲ. ಆ ದಾಖಲೆಗೆ ಆಧಾರ್ ಬೇಕು, ಆಧಾರ್‌ನಲ್ಲಿರುವುದು ಬಾಲಮಂದಿರದ ವಿಳಾಸ, ಮತ್ತು ಆ ವಿಳಾಸದಲ್ಲಿ ಅವನು ಈಗ ಇಲ್ಲ. ಹೊಸ ವಿಳಾಸಕ್ಕೆ ಬಾಡಿಗೆ ಕರಾರು ಪತ್ರ ಬೇಕು, ಕರಾರು ಪತ್ರಕ್ಕೆ ಮನೆ ಕೊಡುವ ಮಾಲೀಕರು ಬೇಕು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹೋದರೆ ತಂದೆಯ ದಾಖಲೆ ತನ್ನಿ ಎನ್ನುತ್ತಾರೆ. ತಂದೆ ಯಾರೆಂದೇ ತಿಳಿಯದ ಹುಡುಗಿಯೊಬ್ಬಳು ಆ ಮಾತು ಕೇಳಿ ಸಾಲಿನಿಂದ ಸುಮ್ಮನೆ ಹೊರಬಂದು ನಿಂತುಬಿಟ್ಟಳು. ಮಾರನೆಯ ದಿನ ಸಮಿತಿಯ ಆದೇಶದ ಪ್ರತಿಯನ್ನು ಹಿಡಿದು ನಾನೂ ಅವಳ ಜೊತೆಗೆ ಸಾಲಿನಲ್ಲಿ ನಿಂತೆ. ಕೆಲಸ ಆಯಿತು. ನಮ್ಮ ವೃತ್ತಿಯ ಹೆಚ್ಚಿನ ಪಾಲು ಹೀಗೆ ಜೊತೆಗೆ ಹೋಗಿ ನಿಲ್ಲುವುದೇ ಆಗಿದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ವಯಸ್ಸಿನ ವಿಷಯವನ್ನೂ ಹೇಳಬೇಕು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲಾ ದಾಖಲಾತಿಯಲ್ಲಿ ಜೂನ್ 1 ಎಂದು ಬರೆಯುವ ರೂಢಿ ನಮ್ಮ ಕಡೆ ಹಿಂದಿನಿಂದಲೂ ಇದೆ. ಸಂಸ್ಥೆಗಳಿಗೆ ಬರುವ ಮಕ್ಕಳಲ್ಲಿ ಒಂದೆರಡು ವರ್ಷ ಶಾಲೆ ತಪ್ಪಿದವರೇ ಹೆಚ್ಚು. ಹೀಗಾಗಿ ದ್ವಿತೀಯ ಪಿಯುಸಿ ತರಗತಿಗಳು ಆರಂಭವಾಗುವ ಹೊತ್ತಿಗೇ, ಅಂದರೆ ಓದಿನ ಅತಿ ಮುಖ್ಯವಾದ ವರ್ಷದ ಬಾಗಿಲಲ್ಲೇ, ಅವರಿಗೆ ಕಾಗದದ ಮೇಲೆ 18 ತುಂಬುತ್ತದೆ. ಕಷ್ಟದಲ್ಲಿರುವ ಮಕ್ಕಳಿಗೆಂದು ಇರುವ 1098 ಸಹಾಯವಾಣಿಯೂ ಅಂದಿನಿಂದ ಅವರದ್ದಲ್ಲ. ನಿನ್ನ ಮಗನಿಗೆ ಈಗ 22 ಇರಬೇಕು. ಅವನ ಕಾಲೇಜು ಶುಲ್ಕ, ಮೊಬೈಲ್ ಕರೆನ್ಸಿ, ಜ್ವರ ಬಂದರೆ ಗಂಜಿ ಇವೆಲ್ಲ ಇನ್ನೂ ನಿಮ್ಮ ಮನೆಯಿಂದಲೇ ನಡೆಯುತ್ತಿಲ್ಲವೆ? ಹಾಗೆ ನಡೆಯುವುದು ಸರಿಯಾಗಿಯೇ ಇದೆ.

ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಹೊರಗಿನವರು ನಂಬುತ್ತಾರೆ. ಕೆಲಸ ಕೊಡಿಸುವುದು ಈಗ ಅಷ್ಟು ಕಷ್ಟವಲ್ಲ. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಐಟಿಐ ಮುಗಿಸಿದ ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ಕಷ್ಟವಿರುವುದು ಆ ಕೆಲಸದಲ್ಲಿ ನಿಲ್ಲುವುದರಲ್ಲಿ. ಫಿಟ್ಟರ್ ಓದಿದ ಹುಡುಗನೊಬ್ಬ ಒಂದು ವರ್ಕ್‌ಶಾಪಿಗೆ ಸೇರಿದ್ದ. ಕೈ ಚುರುಕು, ಮಾತು ಕಡಿಮೆ, ಒಂದು ದಿನವೂ ತಡವಾಗಿ ಹೋದವನಲ್ಲ. ಸಂಬಳ ಬರುವ ಮೊದಲೇ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ ಎಂದು ತಿಳಿದು ಅವನ ಕೋಣೆಗೆ ಹೋದೆ. ಬಟ್ಟೆಯನ್ನೆಲ್ಲ ಮಡಚಿ ಬ್ಯಾಗಿಗೆ ತುಂಬಿ, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಗೋಡೆಯ ಮೇಲಿನ ಕ್ಯಾಲೆಂಡರನ್ನೂ ತೆಗೆದಿಟ್ಟು ಕುಳಿತಿದ್ದ. "ಕೆಲಸ ಹೋಯ್ತು ಸಾರ್" ಎಂದ. ಏನಾಯಿತೆಂದು ಕೇಳಿದರೆ, ಒಂದು ಪೀಸ್ ಅಳತೆ ತಪ್ಪಿ ಕಟ್ ಆಯಿತು, ಮೇಸ್ತ್ರಿ ಎಲ್ಲರ ಮುಂದೆ ಬೈದರು ಎಂದ. ಕೆಲಸ ಬಿಡು ಎಂದರೇ? ಇಲ್ಲ. ನಾನು ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿದೆ. "ಅವನು ಯಾಕೆ ಬರ್ತಿಲ್ಲ ಅಂತ ನಾವೇ ಕೇಳ್ತಾ ಇದೀವಿ ಸಾರ್, ಹುಷಾರಿಲ್ವಾ?" ಎಂದು ಆ ಮನುಷ್ಯ ಕೇಳಿದರು.

ಆ ಹುಡುಗ ಹಿಂದೆ ಮೂರು ಕಡೆ ಇದ್ದು ಬಂದವನು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವನನ್ನು ಕಳುಹಿಸಿದಾಗಲೆಲ್ಲ ಅದಕ್ಕೆ ಮುಂಚೆ ಯಾರಾದರೊಬ್ಬರು ಬೈದಿದ್ದರು. ಬೈಗುಳಕ್ಕೂ ಹೊರಗೆ ಹಾಕುವುದಕ್ಕೂ ನಡುವೆ ಅಂತರವಿದೆ ಎಂದು ತಿಳಿಯಬೇಕಾದರೆ, ಬೆಳಿಗ್ಗೆ ಬೈದು ಮಧ್ಯಾಹ್ನ ಊಟಕ್ಕೆ ಕರೆಯುವ ಒಬ್ಬರಾದರೂ ಬಾಲ್ಯದಲ್ಲಿ ಇದ್ದಿರಬೇಕಾಗುತ್ತದೆ. ನಿನಗೆ ನಿಮ್ಮ ತಂದೆ ಇದ್ದರು. ನಾವು ಸ್ಕೂಟರ್ ಬೀಳಿಸಿಕೊಂಡು ಬಂದ ದಿನ ಅವರ ಧ್ವನಿ ಬೀದಿಯ ತುದಿಗೆ ಕೇಳಿಸಿತ್ತು, ರಾತ್ರಿ ಅವರೇ ನಿನ್ನ ಮಂಡಿಗೆ ಅರಿಶಿನ ಹಚ್ಚಿದ್ದರು. ಆ ಹುಡುಗ ಮರುದಿನ ಕೆಲಸಕ್ಕೆ ಹೋದ, ಈಗಲೂ ಅಲ್ಲೇ ಇದ್ದಾನೆ. ಆದರೆ ಅಂದು ಯಾರೂ ಅವನ ಕೋಣೆಗೆ ಹೋಗದೆ ಇದ್ದಿದ್ದರೆ ಬೆಂಗಳೂರಿನ ರೈಲು ಹತ್ತಿರುತ್ತಿದ್ದ, ಆಮೇಲೆ ಅವನ ಸುದ್ದಿ ಯಾರಿಗೂ ಸಿಗುತ್ತಿರಲಿಲ್ಲ.

ಈ ಮಕ್ಕಳಿಗೆ ಬೇಕಾಗಿರುವುದು ತಮ್ಮ ಹೆಸರು ಹಿಡಿದು ಕರೆಯುವ, ತಪ್ಪಿದರೂ ಬಿಟ್ಟುಹೋಗದ ಒಬ್ಬ ಹಿರಿಯರು ಎಂದು ನಾನು ದೃಢವಾಗಿ ನಂಬಿದ್ದೇನೆ. ಸರ್ಕಾರ ಹಣ ಕೊಡಬಲ್ಲದು, ನಾನು ತಿಂಗಳಿಗೆ ಒಂದೆರಡು ಸಲ ಹೋಗಿ ಬರಬಲ್ಲೆ. ಆದರೆ ನನ್ನ ಮೇಲೆ ಬಹಳ ಮಕ್ಕಳ ಜವಾಬ್ದಾರಿ ಇದೆ, ನಾಳೆ ನನಗೆ ಬೇರೆ ಜಿಲ್ಲೆಗೆ ವರ್ಗವೂ ಆಗಬಹುದು. ಅದಲ್ಲದೆ ಸಂಬಳ ಪಡೆದು ಬರುವವನಿಗೂ ಸುಮ್ಮನೆ ಬರುವವರಿಗೂ ಇರುವ ವ್ಯತ್ಯಾಸ ಆ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಸಿದ್ಧತೆ 14, 15ರ ವಯಸ್ಸಿನಲ್ಲೇ ಶುರುವಾಗಬೇಕು. ನೂರು ಜನರ ಅಡುಗೆಯನ್ನು ನೋಡಿ ಬೆಳೆದ ಹುಡುಗನಿಗೆ ಒಬ್ಬನ ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯುವುದಿಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡು ಬಂದ ಅಭ್ಯಾಸ, ಒಬ್ಬನೇ ಬಸ್ಸಿನಲ್ಲಿ ಓಡಾಡಿದ ಅಭ್ಯಾಸ ಇರುವುದಿಲ್ಲ. ಸುರಕ್ಷತೆಗೆಂದೇ ಗೇಟಿಗೆ ಬೀಗ ಹಾಕಬೇಕಾದ ಕಡೆ ಇದನ್ನೆಲ್ಲ ಕಲಿಸುವುದು ಸುಲಭವೂ ಅಲ್ಲ, ಅಲ್ಲಿನ ಸಿಬ್ಬಂದಿಯನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ.

ಹುಡುಗಿಯರ ಕಷ್ಟ ಬೇರೆ ಬಗೆಯದು. 18 ತುಂಬುವುದೇ ತಡ, ಅಷ್ಟು ವರ್ಷ ಒಮ್ಮೆಯೂ ಬಂದು ನೋಡದ ಸಂಬಂಧಿಕರು ಗಂಡು ಗೊತ್ತುಮಾಡಿಕೊಂಡು ಬರುತ್ತಾರೆ. ಊರಿನ ಒಳ್ಳೆಯ ಜನರೂ ಮದುವೆ ಮಾಡಿಸಿಬಿಟ್ಟರೆ ಒಂದು ದಡ ಸೇರಿದಂತೆ ಎನ್ನುತ್ತಾರೆ. ಅವಳೇ ಬಯಸಿ ಮಾಡಿಕೊಳ್ಳುವ ಮದುವೆಗೆ ನಾನೂ ಹೋಗಿ ಅಕ್ಷತೆ ಹಾಕಿದ್ದೇನೆ. ಆದರೆ ಇರಲು ಜಾಗವಿಲ್ಲವೆಂಬ ಕಾರಣಕ್ಕೆ ಆಗುವ ಮದುವೆಯನ್ನು ಪುನರ್ವಸತಿ ಎಂದು ಲೆಕ್ಕ ಬರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನರ್ಸಿಂಗ್ ಓದಬೇಕೆಂದು ಹಂಬಲಿಸುವ ಹುಡುಗಿಗೆ ರಜೆಯಲ್ಲಿ ಹಾಸ್ಟೆಲ್ ಮುಚ್ಚಿದಾಗ ಹೋಗಲು ಒಂದು ಮನೆ ಬೇಕು, ಇಷ್ಟೇ.

ಈಗ ನಾನು ಕೇಳಬೇಕೆಂದಿದ್ದಕ್ಕೆ ಬರುತ್ತೇನೆ. ಶೆಟ್ಟಿಹಳ್ಳಿಯ ನಿಮ್ಮ ಮನೆಯ ಮಹಡಿ ಖಾಲಿ ಇದೆ, ಕೆಳಗೆ ಅಮ್ಮ ಒಬ್ಬರೇ ಇದ್ದಾರೆ ಎಂದು ನೀನೇ ಬರೆದಿದ್ದೀಯೆ. ಆ ಎರಡು ಕೋಣೆಗಳನ್ನು ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಡು. ಧರ್ಮಕ್ಕೆ ಬೇಡ, ಊರಿನಲ್ಲಿ ನಡೆಯುವ ಬಾಡಿಗೆಯನ್ನೇ ತೆಗೆದುಕೋ, ತಿಂಗಳಿಗೆ ತಿಂಗಳಿಗೆ ಕೊಡುವ ಅಭ್ಯಾಸ ಅವರಿಗೂ ಆಗಲಿ. ಬಿಡಬೇಕಾದದ್ದು ಅಡ್ವಾನ್ಸ್ ಮಾತ್ರ, ಏಕೆಂದರೆ ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ತಂದಿಡಲು ಅವರ ಹಿಂದೆ ಯಾರೂ ಇಲ್ಲ. ಕರಾರು ಪತ್ರ ಅವರ ಹೆಸರಿನಲ್ಲೇ ಇರಲಿ. ಮನೆ ಹುಡುಕಲು ಹೋದ ಕಡೆಯೆಲ್ಲ ಅಪ್ಪ ಏನು ಮಾಡುತ್ತಾರೆ, ನೀವು ಯಾವ ಪೈಕಿ ಎಂಬ ಪ್ರಶ್ನೆಗಳನ್ನು ಎದುರಿಸಿ ಅವರು ಸೋತಿದ್ದಾರೆ. ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಬರಬಾರದು. ಅವರ ಹಿಂದಿನ ಕತೆ ಅವರಿಗೆ ಸೇರಿದ್ದು, ಹೇಳಬೇಕೆನಿಸಿದ ದಿನ ಅವರೇ ಹೇಳುತ್ತಾರೆ. ಯಾರಿಗಾದರೂ ಪರಿಚಯಿಸುವಾಗ ಅನಾಥರು ಎನ್ನಬೇಡ, ಬಾಡಿಗೆಗೆ ಇರುವ ಹುಡುಗರು ಎಂದರೆ ಸಾಕು. ಅಮ್ಮನಿಗೆ ಸಿಲಿಂಡರ್ ಎತ್ತಿಟ್ಟುಕೊಡುವುದು, ಔಷಧಿ ತಂದುಕೊಡುವುದನ್ನು ಪ್ರೀತಿಯಿಂದ ಮಾಡಿಯಾರು, ಆದರೆ ಮನೆಗೆಲಸದವರೆಂದು ಯಾರೂ ಎಣಿಸದಿರಲಿ. ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಕೆಳಗೆ ಕರೆದು ಜೊತೆಯಲ್ಲಿ ಊಟಕ್ಕೆ ಕೂರಿಸಿದರೆ, ತಂದೆಯವರ ಹೆಸರಿನಲ್ಲಿ ನೀನು ಹಾಕಿಸಬೇಕೆಂದಿರುವ ಊಟ ವರ್ಷಪೂರ್ತಿ ನಡೆದಂತೆಯೇ ಆಗುತ್ತದೆ.

ತೊಂದರೆ ಏನೂ ಬರುವುದಿಲ್ಲ ಎಂದು ಮಾತು ಕೊಡಲಾರೆ. ಮೊದಲ ಸಂಬಳದಲ್ಲಿ ದುಬಾರಿ ಫೋನ್ ಕೊಂಡು ಬಾಡಿಗೆಗೆ ತಡಮಾಡಬಹುದು, ರಾತ್ರಿ ಹೊತ್ತು ಮೀರಿ ಬರಬಹುದು, ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿರಬಹುದು. ಇಪ್ಪತ್ತರ ವಯಸ್ಸಿನ ಯಾವ ಹುಡುಗ ಹಾಗೆ ಮಾಡುವುದಿಲ್ಲ? ನಾನು ಇಲ್ಲಿರುವಷ್ಟು ಕಾಲ ಬಂದು ಹೋಗುತ್ತಿರುತ್ತೇನೆ, ಅಮ್ಮ ಯಾವಾಗ ಫೋನ್ ಮಾಡಿದರೂ ಬರುತ್ತೇನೆ. ಏನೇ ಆದರೂ ಖಾಲಿ ಮಾಡು ಎನ್ನುವ ಮಾತನ್ನು ಸಿಟ್ಟಿನಲ್ಲಿ ಆಡದಿರಿ, ಆ ಒಂದು ಮಾತನ್ನು ಅವರು ತಡೆದುಕೊಳ್ಳಲಾರರು.

ಬಾಲಮಂದಿರದ ಊಟವನ್ನೂ ನೀನು ಹಾಕಿಸುವುದಾದರೆ ಸಂತೋಷವೇ, ಆದರೆ ಮಕ್ಕಳ ಜೊತೆ ಫೋಟೋ ತೆಗೆದು ಎಲ್ಲಿಯೂ ಹಾಕಬೇಡ. ಆ ಮಕ್ಕಳ ಗುರುತು ಹೊರಗೆ ಬರುವಂತೆ ಪ್ರಕಟಿಸುವುದು ಮೇಲೆ ಹೇಳಿದ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಮೊದಲು ಅಮ್ಮನನ್ನು ಕೇಳು, ಮನೆ ಅವರದ್ದು. ಅವರು ಬೇಡವೆಂದರೆ ಅಲ್ಲಿಗೆ ಬಿಡೋಣ, ಒತ್ತಾಯ ಬೇಡ. ಒಪ್ಪಿದರೆ ನೀನು ಊರಿಗೆ ಬರುವ ಭಾನುವಾರ ಯಾವುದೆಂದು ತಿಳಿಸು. ಜೂನ್‌ನಲ್ಲಿ ಹೊರಬರುವ ಇಬ್ಬರು ಹುಡುಗರ ಜೊತೆ ಮಾತಾಡಿದ್ದೇನೆ. ಒಬ್ಬ ಐಟಿಐ ಎರಡನೆಯ ವರ್ಷದಲ್ಲಿದ್ದಾನೆ, ಇನ್ನೊಬ್ಬ ಬಿ.ಕಾಂ. ಸೇರಬೇಕೆಂದಿದ್ದಾನೆ. ಇಬ್ಬರನ್ನೂ ಮನೆ ನೋಡಲು ಕರೆತರುತ್ತೇನೆ. ನೋಡಿದ ಮೇಲೆ ಅವರಿಗೆ ಇಷ್ಟವಾಗದಿದ್ದರೆ ಬೇಡ ಎನ್ನಬಹುದು ಎಂದು ಅವರಿಗೂ ಹೇಳಿದ್ದೇನೆ.

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ,
ನಿನ್ನ ಗೆಳೆಯ