ಹಿಪೊಕ್ಯಾಂಪಸ್: ಕೇಳಿದ್ದನ್ನೇ ಮತ್ತೆ ಕೇಳುವುದೇಕೆ?

ಸದಸ್ಯರ ಗಮನಕ್ಕೆ: ಮರೆವಿನ ಕಾಯಿಲೆಯವರು ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳಿದರೆ ಅದು ಹಟವಲ್ಲ. ಮಿದುಳಿನ ಎರಡೂ ಬದಿ, ಒಳಮಗ್ಗುಲಲ್ಲಿ ಕಡಲಕುದುರೆಯಂತೆ ಬಾಗಿರುವ ಹಿಪೊಕ್ಯಾಂಪಸ್ ಹೊಸ ಸಂಗತಿಯನ್ನು ನೆನಪಾಗಿ ಕಟ್ಟುತ್ತದೆ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮೊದಮೊದಲೇ ಸೊರಗುವ ಭಾಗಗಳಲ್ಲಿ ಇದೂ ಒಂದು. ನಿಮ್ಮ ಉತ್ತರ ಅವರಿಗೆ ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಉಳಿಯುವುದಿಲ್ಲ ಅಷ್ಟೇ.

1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಅವರು ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವುದರಲ್ಲಿ ದಿನದಿನಕ್ಕೂ ಪಳಗಿದರು. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ನೆನಪಿರಲಿಲ್ಲ! ಮಿದುಳಿನಲ್ಲಿ ಕೈರೂಢಿಯ ದಾರಿ ಬೇರೆ, ಅದನ್ನೇ ಬಳಸಿಕೊಳ್ಳಿ: ಕನ್ನಡಕ ದಿನವೂ ಒಂದೇ ಜಾಗದಲ್ಲಿರಲಿ. ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಕಣ್ಣೆದುರು ಅಂಟಿಸಿ. “ಈಗಷ್ಟೇ ಹೇಳಿದೆನಲ್ಲ” ಎಂದು ಮಾತ್ರ ದಯವಿಟ್ಟು ಅನ್ನಬೇಡಿ.